ಪಿಸ್ತೂಲು ಕಣ್ಣಿಗೊತ್ತಿಕೊಂಡ ಪ್ರಸಂಗ

ಧೈರ್ಯದ ವಿಷಯದಲ್ಲಿ ನಾನು ತೀರ ಕಡಿಮೆಯವನೇನಲ್ಲ. ಹಗಲಾಗಿರಬೇಕು, ಸುತ್ತ ನಾಲ್ಕು ಜನ ಇರಬೇಕು, ಅಪಾಯ ಬೇರೆಯವರದ್ದಾಗಿರಬೇಕು, ಅಷ್ಟೆ. ಇವೆಲ್ಲ ಕೂಡಿ ಬಂದರೆ ನನ್ನಷ್ಟು ಚೆನ್ನಾಗಿ ಧೈರ್ಯ ಹೇಳುವವರು ಪರ್ತ್ ನಗರದ ಕನ್ನಡಿಗರಲ್ಲಿ ಇನ್ನೊಬ್ಬರಿಲ್ಲ. ನನ್ನ ಕೆಲಸವೂ ಅದಕ್ಕೆ ತಕ್ಕ ಹಾಗೇ ಇದೆ. ದೂರದ ಉತ್ತರದಲ್ಲಿ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ನಾನು ಇಂಜಿನಿಯರು. ಎರಡು ವಾರ ಅಲ್ಲಿ, ನಮ್ಮ ಮಾತಿನಲ್ಲಿ ಸೈಟಿನಲ್ಲಿ, ಒಂದು ವಾರ ಮನೆಯಲ್ಲಿ. ಬಸ್ಸಿನಲ್ಲಿ ಆಫೀಸಿಗೆ ಹೋಗುವವರಂತೆ ನಾವು ವಿಮಾನದಲ್ಲಿ ಹೋಗಿ ಬರುತ್ತೇವೆ. ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಪಾಠ ಹೇಳುವುದು ಅಲ್ಲಿ ನನ್ನ ಪಾಲಿಗೆ ಬಂದಿದೆ. ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಬೇಡಿ, ಯಂತ್ರದ ಮುಂದೆ ನಿಲ್ಲಬೇಡಿ ಎಂದು ಹೇಳಿ ಹೇಳಿ ನಾಲಿಗೆಗೆ ಅದೇ ಅಭ್ಯಾಸವಾಗಿ, ಮನೆಗೆ ಬಂದಾಗಲೂ ಕುಕ್ಕರಿನ ಮುಚ್ಚಳ ಹೇಗೆ ತೆಗೆಯಬೇಕೆಂದು ಹೆಂಡತಿಗೆ ವಿವರಿಸುತ್ತೇನೆ. ನನ್ನ ಹೆಂಡತಿ ಸುಮಾ ನನ್ನ ಪರಿಚಯವಾಗುವುದಕ್ಕೂ ಮುಂಚಿನಿಂದ ಕುಕ್ಕರಿನ ಮುಚ್ಚಳ ತೆಗೆಯುತ್ತಿದ್ದಾಳೆ. ಆದರೂ ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ಅದು ಅವಳ ದೊಡ್ಡತನ.

ನಮ್ಮ ಮನೆ ಇರುವುದು ಪರ್ತಿನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲ ಬೇಲಿಯಾಚೆಯ ಮನೆಗೆ ಕಳ್ಳರು ನುಗ್ಗಿದರು. ಹಾಡಹಗಲಲ್ಲಿ ಹಿಂಬಾಗಿಲಿನ ಗಾಜಿನ ಕದವನ್ನೇ ಕಳಚಿಟ್ಟು, ಟೀವಿ ಹೊತ್ತು, ಗೂಟದಲ್ಲಿದ್ದ ಕೀಲಿ ತೆಗೆದುಕೊಂಡು, ಆ ಮನೆಯವರ ಕಾರಿನಲ್ಲೇ ಹೋದರು. ಮುಂದಿನ ಭಾನುವಾರ ದೇವಸ್ಥಾನದಲ್ಲಿ ಪ್ರಸಾದಕ್ಕಿಂತ ಹೆಚ್ಚಾಗಿ ಹಂಚಿಕೆಯಾದದ್ದು ಕಳ್ಳರ ಕಥೆಗಳೇ. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆಂದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತಂತೆ. ನಾನು ಎಂದಿನಂತೆ ಎಲ್ಲರಿಗೂ ಧೈರ್ಯ ಹೇಳಿ ಗಣಿಗೆ ಹೊರಟುಹೋದೆ. ಎರಡು ವಾರ ಬಿಟ್ಟು ಬಂದಾಗ ಸುಮಾಳ ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು.

"ರೀ, ನೀವು ಸೈಟಿಗೆ ಹೋದ್ಮೇಲೆ ನಂಗೆ ಈ ಮನೇಲಿ ಒಬ್ಳೇ ಇರಕ್ಕಾಗ್ತಿಲ್ಲ. ನಿದ್ದೇನೇ ಬರಲ್ಲ. ಮನೆ ಮಾರ್ಬಿಡೋಣ, ಇಲ್ಲಾ ನೀವು ಈ ಕೆಲ್ಸ ಬಿಟ್ಬಿಡಿ" ಎಂದಳು. ದನಿ ಏರಿಸಲಿಲ್ಲ, ಅಳಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಆ ಮನೆಯನ್ನು ಹುಡುಕಿದವಳು ಅವಳು. ಗೋಡೆಗೆ ಬಣ್ಣ ಬಳಿದವಳು, ಪರ್ತಿನ ಮರಳಿನಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸಿದವಳು ಅವಳು. ಅಂಥವಳ ಬಾಯಲ್ಲಿ ಮಾರುವ ಮಾತು ಬಂದರೆ ವಿಷಯ ಕೈ ಮೀರುತ್ತಿದೆಯೆಂದೇ ಅರ್ಥ.

ಇಂಥ ಹೊತ್ತಿನಲ್ಲಿ ನಾನು ಪ್ರಕಾಶನಿಗೆ ಫೋನ್ ಮಾಡುತ್ತೇನೆ. ಪ್ರಕಾಶ ಮೈಸೂರಿನಲ್ಲಿ ನನ್ನ ಕ್ಲಾಸ್‌ಮೇಟು, ಈಗ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸಿನಲ್ಲಿ ಸಾಫ್ಟ್‌ವೇರು. ಪ್ರಪಂಚದ ಯಾವ ವಿಷಯ ಕೇಳಿದರೂ ಅವನು ಆಗಲೇ ಅದರ ವೀಡಿಯೊ ನೋಡಿರುತ್ತಾನೆ. "ಗುರೂ, ಹೋಮ್ ಡಿಫೆನ್ಸ್ ಕ್ಲಾಸ್ ಅಂತಿರ್ತವೆ. ಪಿಸ್ತೂಲ್ ಹೊಡ್ಯೋದ್ ಕಲ್ತ್ಕೊಂಬಿಡು. ಆಮೇಲೆ ಯಾವ ನನ್ಮಗ ಬರ್ತಾನೆ ನೋಡೋಣ" ಎಂದ. ಅವನು ನೋಡಿದ್ದೆಲ್ಲ ಅಮೆರಿಕದ ವೀಡಿಯೊಗಳು ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮೂರ ಹೊರಗೆ, ಸ್ವಾನ್ ವ್ಯಾಲಿಯ ಆಚೆ, ಒಂದು ಪಿಸ್ತೂಲ್ ಕ್ಲಬ್ಬಿನಲ್ಲಿ ಹೊಸಬರಿಗೆ ಶನಿವಾರದ ತರಗತಿ ಇದೆಯೆಂದು ಪತ್ತೆಹಚ್ಚಿ, ಇಬ್ಬರ ಹೆಸರನ್ನೂ ಕೊಟ್ಟೆ. ಆ ಶನಿವಾರ ದಾರಿಯುದ್ದಕ್ಕೂ ಪಿಸ್ತೂಲು ಹಿಡಿದಾಗ ಕಾಲು ಎಷ್ಟು ಅಗಲಿಸಬೇಕು, ಮೊಣಕೈ ಎಷ್ಟು ಮಡಿಸಬೇಕು ಎಂದು ಸುಮಾಳಿಗೆ ಹೇಳುತ್ತಲೇ ಇದ್ದೆ. ಅವಳು ದ್ರಾಕ್ಷಿ ತೋಟಗಳನ್ನು ನೋಡುತ್ತಿದ್ದಳು.

ಕಲಿಸುವಾಕೆ ಮಾರ್ಗರೆಟ್ ಎಂಬ ಬೆಳ್ಳಿಗೂದಲಿನ ಅಜ್ಜಿ. ಹೆಗಲ ಮೇಲೆ ಹೆಣೆದ ಶಾಲು, ಸೊಂಟದಲ್ಲಿ ಕೀಲಿಗೊಂಚಲು. ಎಲ್ಲರನ್ನೂ "ಲವ್" ಎಂದೇ ಕರೆಯುತ್ತಿದ್ದರು. ಇಲ್ಲಿನ ಅಜ್ಜಿಯರು ಹಾಗೆ ಕರೆಯುವುದು ವಾಡಿಕೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಅಂಗಡಿಯ ಮುದುಕಿಯೊಬ್ಬರು ಹಾಗೆ ಕರೆದಾಗ ನಾನು ನಾಚಿ ಚಿಲ್ಲರೆ ಬಿಟ್ಟು ಬಂದಿದ್ದೆ. ಮಾರ್ಗರೆಟ್ ಪ್ರತಿಯೊಬ್ಬರನ್ನೂ ಯಾಕೆ ಬಂದಿರೆಂದು ಕೇಳಿದರು. ಒಬ್ಬ ಗುರಿ ಹೊಡೆಯುವ ಆಟಕ್ಕೆ ಎಂದ, ಇನ್ನೊಬ್ಬ ಹುಟ್ಟುಹಬ್ಬದ ಉಡುಗೊರೆ ಎಂದ. ನಾನು ಎದೆ ಉಬ್ಬಿಸಿ, "ಮನೆಯನ್ನು ಕಳ್ಳರಿಂದ ಕಾಪಾಡಿಕೊಳ್ಳಲು" ಎಂದೆ.

ಮಾರ್ಗರೆಟ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಲವ್, ಈ ದೇಶದಲ್ಲಿ ಪಿಸ್ತೂಲಿಗೆ ಎಷ್ಟೋ ಕಾರಣ ಕೊಡಬಹುದು. ನೀನು ಹೇಳಿದ್ದನ್ನು ಮಾತ್ರ ಕೊಡುವ ಹಾಗಿಲ್ಲ. ಕೊಟ್ಟರೆ ಲೈಸೆನ್ಸೇ ಸಿಗುವುದಿಲ್ಲ" ಎಂದರು. ಆಟಕ್ಕೆಂದು ಲೈಸೆನ್ಸು ಸಿಕ್ಕಿದರೂ ಪಿಸ್ತೂಲನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಗುಂಡುಗಳನ್ನು ಬೇರೆ ಕಡೆ ಇಟ್ಟು ಅದಕ್ಕೆ ಇನ್ನೊಂದು ಬೀಗ ಹಾಕಬೇಕು ಎಂದು ವಿವರಿಸಿದರು. "ಅಂದ್ರೆ ಕಳ್ಳ ಬಂದಾಗ ಕೂರ್ಸಿ ಕಾಫಿ ಕೊಡ್ಬೇಕು, ನಾವು ಎರಡೂ ಬೀಗ ತೆಗ್ಯೋವರ್ಗೂ" ಎಂದಳು ಸುಮಾ ನನ್ನ ಕಿವಿಯಲ್ಲಿ. ಎದ್ದು ಹೋಗೋಣವೇ ಎಂದು ಕೇಳಿದೆ. "ಬಂದಿದ್ದೀವಲ್ಲ, ಅವ್ರು ಚೆನ್ನಾಗ್ ಹೇಳ್ಕೊಡ್ತಿದ್ದಾರೆ, ಕೂತ್ಕೊಳ್ಳಿ" ಎಂದಳು.

ನಿಜಕ್ಕೂ ಚೆನ್ನಾಗಿ ಹೇಳಿಕೊಡುತ್ತಿದ್ದರು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾನು ಗಣಿಯಲ್ಲಿ ಅರ್ಧ ದಿನ ಕೊರೆಯುವುದನ್ನು ಆಕೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಎಲ್ಲರ ತಲೆಗೂ ಇಳಿಸಿದರು. ಗುಂಡು ಇರಲಿ ಬಿಡಲಿ, ಪಿಸ್ತೂಲಿನ ಬಾಯಿ ಎದುರಿನ ಗುರಿಯ ಕಡೆಗೇ ಇರಬೇಕು, ಬೇರೆಲ್ಲೂ ತಿರುಗಬಾರದು ಎಂಬುದು ಮೊದಲ ಪಾಠ. ಸುರಕ್ಷತೆಯ ಪಾಠ ಹೇಳುವ ನನಗೇ ಪಾಠವೇ ಎಂದು ನಾನು ದೊಡ್ಡವರ ಹಾಗೆ ತಲೆಯಾಡಿಸುತ್ತಿದ್ದೆ. ಆಮೇಲೆ ಮೊದಲು ನನ್ನನ್ನೇ ಕರೆದು, ಗುಂಡಿಲ್ಲದ ಪಿಸ್ತೂಲೊಂದನ್ನು ನನ್ನ ಕೈಗಿಟ್ಟರು.

ಮುಂದೆ ಆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕೈ ಹೊಣೆ. ಹೊಸ ಪುಸ್ತಕ, ಹೊಸ ಕಾರಿನ ಕೀಲಿ, ಆಫೀಸಿನವರು ಕೊಟ್ಟ ಲ್ಯಾಪ್‌ಟಾಪು, ಏನೇ ಮೊದಲ ಸಲ ಕೈಗೆ ಬಂದರೂ ಆ ಕೈ ನನ್ನನ್ನು ಕೇಳುವುದಿಲ್ಲ. ಎರಡೂ ಕೈಯಲ್ಲಿ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ. ಅದರ ಬಾಯಿ ಸರಿಯಾಗಿ ನನ್ನ ಹುಬ್ಬುಗಳ ನಡುವೆ ಬಂದು ನಿಂತಿತು.

"ಸ್ಟಾಪ್" ಎಂಬ ಒಂದೇ ಶಬ್ದ ಕೇಳಿಸಿತು. ಕಣ್ಣು ತೆರೆದಾಗ ಪಿಸ್ತೂಲು ಮಾರ್ಗರೆಟ್ ಕೈಯಲ್ಲಿತ್ತು, ನನ್ನ ಮಣಿಕಟ್ಟು ಅವರ ಇನ್ನೊಂದು ಕೈಯಲ್ಲಿತ್ತು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಕುರ್ಚಿ ತರಿಸಿ ಕೂರಿಸಿದರು, ನೀರು ಕೊಟ್ಟರು, ಪಕ್ಕದಲ್ಲಿ ಕೂತು ಬೆನ್ನು ಸವರುತ್ತಾ, "ಮನೆಯಲ್ಲಿ ಎಲ್ಲ ಸರಿಯಿದೆಯೇ ಲವ್? ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಬೇಕು ಅನ್ನಿಸುತ್ತಿದೆಯೇ?" ಎಂದು ಮೆತ್ತಗೆ ಕೇಳಿದರು. ಆಗಲೇ ನನಗೆ ಗೊತ್ತಾದದ್ದು, ಆಕೆ ಏನೆಂದುಕೊಂಡಿದ್ದಾರೆ ಎಂದು. ಗಾಬರಿಯಲ್ಲಿ ನನ್ನ ಇಂಗ್ಲಿಷೆಲ್ಲ ಹಾರಿಹೋಗಿತ್ತು. ಸುಮಾಳೇ ಎದ್ದು ಬಂದು, "ಅವರಿಗೆ ದುಃಖವೇನಿಲ್ಲ, ನಮಸ್ಕಾರ ಮಾಡಿದರು" ಎಂದಳು.

"ಪಿಸ್ತೂಲಿಗೆ?"

"ಎಲ್ಲದಕ್ಕೂ. ಲ್ಯಾಪ್‌ಟಾಪಿಗೂ ಮಾಡುತ್ತಾರೆ."

"ಹುಲ್ಲು ಕತ್ತರಿಸುವ ಯಂತ್ರಕ್ಕೆ?"

"ಅದಕ್ಕೆ ವರ್ಷಕ್ಕೊಂದು ಸಲ. ಕುಂಕುಮ ಹಚ್ಚಿ, ಹೂವಿಟ್ಟು."

ಮಾರ್ಗರೆಟ್ ತಲೆದೂಗಿ, ಒಳ್ಳೆಯ ಪದ್ಧತಿ ಎಂದರು. ಆದರೆ ಇವತ್ತು ಮಾತ್ರ ನಾನು ಗಾಜಿನ ಗೋಡೆಯ ಆಚೆ ಕೂತು ನೋಡುವುದೇ ಎಲ್ಲರ ಆರೋಗ್ಯಕ್ಕೂ ಒಳ್ಳೆಯದು ಎಂದರು.

ಹೀಗೆ ನಾನು ಗಾಜಿನ ಆಚೆ ಕೂತೆ. ಸುಮಾಳ ಸರದಿ ಬಂತು. ಅವಳು ಮೇಜಿನ ಮೇಲೆ ಗುಂಡು ತುಂಬಿಟ್ಟಿದ್ದ ಪಿಸ್ತೂಲಿಗೆ ದೂರದಿಂದಲೇ ಕೈ ಮುಗಿದು, ಆಮೇಲೆ ಎತ್ತಿಕೊಂಡಳು. ಮಾರ್ಗರೆಟ್ ಏನೋ ಹೇಳಿದರು, ಅವಳು ತಲೆಯಾಡಿಸಿದಳು. ನಾನು ಅಭ್ಯಾಸಬಲದಿಂದ "ಮೊಣಕೈ, ಮೊಣಕೈ" ಎಂದು ಕೂಗಿದೆ. ಗಾಜು ದಪ್ಪವಾಗಿತ್ತು, ಅವಳ ಕಿವಿಯ ಮೇಲೆ ಸದ್ದು ತಡೆಯುವ ಮುಚ್ಚಳ ಬೇರೆ. ನನ್ನ ಮಾತು ನನಗೇ ವಾಪಸು ಬಂತು. ಅವಳ ಭುಜ ನಿಧಾನವಾಗಿ ಇಳಿಯಿತು, ಉಸಿರು ಬಿಟ್ಟಳು, ಟ್ರಿಗರ್ ಒತ್ತಿದಳು. ಬೆಚ್ಚಲಿಲ್ಲ. ಮತ್ತೆ ಉಸಿರು, ಮತ್ತೆ ಒಂದು. ಕಾಗದದ ಗುರಿಯನ್ನು ಹತ್ತಿರ ಎಳೆದಾಗ ತೂತುಗಳೆಲ್ಲ ಒಂದು ದೋಸೆ ಸೌಟಿನೊಳಗೆ ಹಿಡಿಸುವಷ್ಟು ಒತ್ತೊತ್ತಾಗಿದ್ದವು. ಹೊರಗೆ ಬಂದ ಮೇಲೆ ಮಾರ್ಗರೆಟ್ ಅವಳನ್ನು "ಲವ್" ಎನ್ನಲಿಲ್ಲ, ಹೆಸರು ಕೇಳಿ ತಿಳಿದುಕೊಂಡರು. ಮದುವೆಯಾಗಿ ಇಷ್ಟು ವರ್ಷವಾದರೂ, ನಾನು ಬಾಯಿ ಹಾಕಲಾಗದ ಜಾಗದಲ್ಲಿ ಅವಳು ಒಂದು ಕೆಲಸ ಮಾಡುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಎಷ್ಟು ಚೆನ್ನಾಗಿ ಮಾಡುತ್ತಾಳೆ.

ವಾಪಸು ಬರುವಾಗ ಸರ್ವೋದಲ್ಲಿ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲು ಹಾಕಿಸಿ, ಕಾಫಿ ಹಿಡಿದು ಕಾರಿನಲ್ಲೇ ಕೂತೆವು. "ನಿಂಗೆ ಭಯಾನೇ ಆಗ್ಲಿಲ್ವಲ್ಲ" ಎಂದೆ.

"ಅಲ್ಲಿ ಯಾಕ್ ಭಯ ಆಗುತ್ತೆ, ಅವ್ರು ಎಷ್ಟ್ ಬೇಕೋ ಅಷ್ಟೇ ಮಾತಾಡಿದ್ರು" ಎಂದಳು. ಆಮೇಲೆ ಕಪ್ಪಿನ ಮುಚ್ಚಳ ತಿರುಗಿಸುತ್ತಾ, "ರೀ, ಬೇಜಾರ್ ಮಾಡ್ಕೋಬೇಡಿ. ನಂಗೆ ಭಯ ಕಳ್ಳಂದಲ್ಲ. ನೀವು ದಿನಾ ಸೈಟಿಂದ ಫೋನ್ ಮಾಡಿ, ಹಿಂದಿನ ಬಾಗ್ಲು ಹಾಕಿದ್ಯಾ, ಕಿಟಕಿ ನೋಡಿದ್ಯಾ, ಅದೇನೋ ಸದ್ದು ಕೇಳ್ತಿದ್ಯಲ್ಲ ಅಂತೀರಲ್ಲ, ಅಲ್ಲೀವರ್ಗೂ ಆರಾಮಾಗಿರ್ತೀನಿ. ನೀವು ಫೋನಿಟ್ಮೇಲೆ ನಿಜ್ವಾಗ್ಲೂ ಸದ್ದು ಕೇಳಕ್ಕೆ ಶುರುವಾಗುತ್ತೆ" ಎಂದಳು.

ಅವಳ ನಿದ್ದೆ ಕದ್ದವನು ಬೇಲಿ ಹಾರಿ ಬಂದವನಲ್ಲ. ಸಾವಿರ ಮೈಲಿ ದೂರದಿಂದ, ಪ್ರೀತಿಯಿಂದಲೇ, ದಿನವೂ ತಪ್ಪದೆ ಕದಿಯುತ್ತಿದ್ದವನು ನಾನು. ಇನ್ನು ಮೇಲೆ ಫೋನಿನಲ್ಲಿ ಬಾಗಿಲು ಕಿಟಕಿಗಳ ಸುದ್ದಿ ಎತ್ತುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟೆ. ಹಾಗಾದರೆ ಮನೆ ಮಾರುವ ವಿಷಯ ಸದ್ಯಕ್ಕೆ ಬೇಡ ಎಂದಳು.

ಮುಂದಿನ ಸಲ ಗಣಿಯಿಂದ ಸಂಜೆ ಫೋನ್ ಮಾಡಿದೆ. ಅಡುಗೆ ಏನೆಂದು ಕೇಳಿದೆ. ಹವೆಯ ಬಗ್ಗೆ ಮಾತಾಡಿದೆ. ಬಾಗಿಲು ಎಂಬ ಪದ ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು, ಕಚ್ಚಿ ಹಿಡಿದೆ. ಸುಮಾಳ ದನಿ ಹಗುರವಾಗಿತ್ತು, ನಿದ್ದೆ ಚೆನ್ನಾಗಿ ಬರುತ್ತಿದೆ ಎಂದಳು. ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ಇನ್ನೇನು ಫೋನಿಡಬೇಕು, ಅಷ್ಟರಲ್ಲಿ ಅವಳು ನಗುತ್ತಾ, "ರೀ, ಅಲ್ಲಿ ನಿಮ್ ರೂಮಿನ್ ಬಾಗ್ಲು ಸರ್ಯಾಗ್ ಹಾಕ್ಕೊಂಡಿದ್ದೀರಾ?" ಎಂದಳು.

ಹಾಕಿಕೊಂಡಿದ್ದೇನೆ ಎಂದು ನಾನೂ ನಕ್ಕು ಫೋನಿಟ್ಟೆ. ಆಮೇಲೆ ಎದ್ದು ಹೋಗಿ ನೋಡಿ ಬಂದೆ.