ಮಾವನ ಮುರಿದ ಕೈ ಮತ್ತು ನನ್ನ ಡಾಕ್ಟರಿಕೆ

“ನಮ್ಮ ಪೈಕಿಯವ್ರು ಆಸ್ಪತ್ರೇಲಿ ಚೀಟಿ ಹಿಡ್ಕೊಂಡು ನಿಲ್ಲೋರು, ಚೀಟಿ ಬರೆಯೋರಲ್ಲ!” ಎಂದು ತೀರ್ಪು ಕೊಟ್ಟವರು ಹೊಸನಗರದಲ್ಲಿ ಟೈಲರ್ ಆಗಿರುವ ನನ್ನ ಸೋದರಮಾವ ಮಂಜಪ್ಪ. ತೀರ್ಥಹಳ್ಳಿ–ಸಾಗರ ಖಾಸಗಿ ಬಸ್ಸಿನ ಕಂಡಕ್ಟರ್ ಆದ ಅಪ್ಪ ಮಾತ್ರ ಹಟ ಹಿಡಿದು ನನ್ನನ್ನು ಓದಿಸಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಎಂಬಿಬಿಎಸ್ ಮುಗಿಸಿಯೇ ಇಳಿದೆ!

ಉಳಿದದ್ದು ಒಂದು ವರ್ಷದ ಹೌಸ್ ಸರ್ಜನ್ ಕೆಲಸ. ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ, ಮಕ್ಕಳು, ಕಣ್ಣು, ಮೂಳೆ ಎಂದು ವಿಭಾಗದಿಂದ ವಿಭಾಗಕ್ಕೆ ಸುತ್ತಬೇಕು. ಎಲ್ಲ ಕಡೆ ಮುಖ್ಯಸ್ಥರ ಸಹಿ ಬಿದ್ದರೆ ಮಾತ್ರ ಸರ್ಟಿಫಿಕೇಟು. ಇದರಲ್ಲೇನು ಕಷ್ಟ ಅಂದುಕೊಂಡೆ.

ಕಷ್ಟ ಮಾವನಿಗಾಯಿತು. ಅವರು ವಿಚಾರಿಸಿದಾಗಲೆಲ್ಲ ನಾನು ಬೇರೊಂದು ವಿಭಾಗದಲ್ಲಿರುತ್ತಿದ್ದೆ. ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದರು:

“ಪಾಪದ ಹುಡುಗಿ, ಎಲ್ಲೂ ನಿಲ್ಲಿಸ್ಕೊಳ್ತಿಲ್ಲ. ಹೆರಿಗೆಯವ್ರು ಓಡ್ಸಿದ್ರು, ಈಗ ಕಣ್ಣಿನವ್ರೂ ಓಡ್ಸಿದ್ರಂತೆ!”

ಈ ಸುದ್ದಿ ಅಪ್ಪನ ಬಸ್ಸಿನಲ್ಲೇ ಟಿಕೆಟ್ ಇಲ್ಲದೆ ಸಾಗರ ಮುಟ್ಟಿತು.

ನಾನು ಮೂಳೆ ವಿಭಾಗದಲ್ಲಿದ್ದಾಗ ಮಾವ ಸ್ಕೂಟರಿನಿಂದ ಬಿದ್ದು ಎಡಗೈ ಮುರಿದುಕೊಂಡು ಬಂದರು. ಮುಖ್ಯಸ್ಥರು ಮೂಳೆ ಕೂರಿಸಿ, ಪ್ಲಾಸ್ಟರ್ ಸುತ್ತುವ ಕೆಲಸ ನನಗೊಪ್ಪಿಸಿ ಪಕ್ಕದ ಮಂಚಕ್ಕೆ ಹೋದರು. ಅತ್ಯಂತ ಗಂಭೀರವಾಗಿ ಸುತ್ತಿದೆ. ಗೋಡೆಯಂತೆ ಗಟ್ಟಿಯಾಯಿತು. ಹೆಮ್ಮೆಯಿಂದ ಹೊರಟೆ.

ಮಾವನ ಕೈಯೂ ಹೊರಟಿತು!

ನನ್ನ ವೇಲಿನ ತುದಿ ಪ್ಲಾಸ್ಟರಿನೊಳಗೆ ಸಮಾಧಿಯಾಗಿತ್ತು.

“ಅಯ್ಯಯ್ಯೋ, ಎಳೀಬೇಡ್ವೇ ಮಾರಾಯ್ತಿ! ಇಷ್ಟು ವರ್ಷ ಬಟ್ಟೆ ಹೊಲ್ದೆ, ಒಂದಿನಾನೂ ಗಿರಾಕಿನ ನನ್ನ ಲುಂಗಿಗೆ ಸೇರ್ಸಿ ಹೊಲ್ದಿಲ್ಲ!”

ವಾರ್ಡಿಗೆ ವಾರ್ಡೇ ನಕ್ಕಿತು. ಮುಖ್ಯಸ್ಥರು ನಗಲಿಲ್ಲ. “ಕತ್ತರಿಸಿ, ಮತ್ತೆ ಹಾಕಿ. ಈ ಕೈ ನೆಟ್ಟಗೆ ಕೂಡಿದ್ರೆ ಸಹಿ. ಇಲ್ಲಾಂದ್ರೆ ಮೂಳೆ ವಿಭಾಗ ಮತ್ತೆ ಮೊದಲಿಂದ.”

ಅವರು ಪಕ್ಕದಲ್ಲೇ ನಿಂತು ತೋರಿಸಿದಂತೆ, ಈ ಸಲ ಎಳೆತಕ್ಕೆ ಸರಿದಿದ್ದ ಮೂಳೆಯನ್ನೂ ನಾನೇ ಕೂರಿಸಿ ಪ್ಲಾಸ್ಟರ್ ಹಾಕಿದೆ. ಆಮೇಲೆ ಪ್ರತಿ ರಜೆಗೂ ಹೊಸನಗರಕ್ಕೆ ಓಡಿದೆ.

“ಬೆರಳು ಆಡಿಸಿ ಮಾವ.”

“ಆಡ್ಸಿ ಆಡ್ಸಿ ಸಾಕಾಯ್ತು ಕಣೇ. ಪರೀಕ್ಷೆ ನಿಂದು, ಬರೀತಿರೋನು ನಾನು!”

ಕೊನೆಗೆ ಪ್ಲಾಸ್ಟರ್ ಬಿಚ್ಚಿ ಎಕ್ಸ್‌ರೇ ತೆಗೆಸಿದರು. ಮುಖ್ಯಸ್ಥರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂಳೆ ಗೆರೆ ಎಳೆದಂತೆ ನೆಟ್ಟಗಿತ್ತು! ಸಹಿ ಬಿತ್ತು. ಉಳಿದ ವಿಭಾಗಗಳನ್ನೂ ಒಂದೊಂದಾಗಿ ಗೆದ್ದೆ, ವೇಲಿಲ್ಲದೆ.

ಕಾಲೇಜಿನ ಸಭೆಯಲ್ಲಿ ಪ್ರಾಂಶುಪಾಲರು ಸರ್ಟಿಫಿಕೇಟನ್ನು ನನ್ನ ಕೈಗಿತ್ತರು. ಖಾಕಿ ಅಂಗಿಯಲ್ಲೇ ಬಂದಿದ್ದ ಅಪ್ಪ ಕಣ್ಣೊರೆಸಿಕೊಂಡರು. ಮಾವ ಮಾತ್ರ ಎದ್ದು ನಿಂತು, ಎಡಗೈ ಮೇಲೆತ್ತಿ, ಸಭೆಗೆಲ್ಲ ಕೇಳುವಂತೆ ಕೂಗಿದರು:

“ನಮ್ಮ ಹುಡುಗಿ! ಈ ಕೈ ನೆಟ್ಟಗೆ ಮಾಡಿದ್ದು ಇವ್ಳೇ ಕಣ್ರೀ! ಎರಡನೇ ಸಲಕ್ಕೆ!”