ಕಾಕಾ ಸೀಡಿ ಕೆತ್ತಿದ್ದು

ಜಗತ್ತಿನಲ್ಲಿ ಎಲ್ಲರೂ ಕೆಲಸ ಬೇಗ ಮುಗಿಯಲಿ ಎಂದು ಕಂಪ್ಯೂಟರ್ ಕೊಳ್ಳುತ್ತಾರೆ. ನಮ್ಮ ಕಾಕಾ ಮಾತ್ರ ಕಂಪ್ಯೂಟರಿಗೆ ಸಮಾಧಾನ ಕಲಿಸಲಿಕ್ಕೆಂದೇ ಅದನ್ನು ಕೊಂಡವರು! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಮದುವೆಗೆ ಮುಂಚೆಯೇ ನನ್ನ ಕಿವಿಯ ಪಕ್ಕದಲ್ಲಿ ಮೂಡಿದ ಬಿಳಿಗೂದಲಿನ ಮೇಲಾಣೆ, ಈ ಮಾತು ನಿಜ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಬೇಗಂ ಬಜಾರಿನಲ್ಲಿ ಅವರದು ಸ್ಟೀಲ್ ಪಾತ್ರೆಯ ಅಂಗಡಿ. ಹೈದರಾಬಾದಿನಲ್ಲಿ ಬೆಳಗಾದರೆ ಒಂದು ಹೊಸ ಸಾಫ್ಟ್‌ವೇರ್ ಕಂಪನಿ ಏಳುತ್ತಿದ್ದ ಕಾಲ ಅದು. ನಾನೂ ಕೊರಳಿಗೆ ಪಟ್ಟಿ ನೇತು ಹಾಕಿಕೊಂಡು ಅಂಥದ್ದೊಂದರೊಳಗೆ ನುಸುಳಿದ್ದೆ. ಹೀಗಾಗಿ ಬಳಗದಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ನನಗೇ ಫೋನು. ಬೇರೆಯವರ ಮನೆಗೆ ಹೋದರೆ ಚಹಾ ಸಿಗುತ್ತಿತ್ತು, ಕಾಕಾನ ಮನೆಗೆ ಹೋದರೆ ಚಹಾದ ಜೊತೆ ತಲೆನೋವೂ ಸಿಗುತ್ತಿತ್ತು.

ಕಂಪ್ಯೂಟರ್ ಕೊಳ್ಳಲು ಅವರನ್ನು ಸಿಕಂದರಾಬಾದಿನ ಅಂಗಡಿಗೆ ಕರೆದುಕೊಂಡು ಹೋದವನು ನಾನೇ. ನಾನು ಹಾರ್ಡ್ ಡಿಸ್ಕು, ಮೆಮೊರಿ ಎಂದು ವಿವರಿಸುತ್ತಿದ್ದರೆ ಕಾಕಾ ಡಬ್ಬದ ಬೆನ್ನಿಗೆ ಬೆರಳು ಮಡಚಿ ಟಣ್ ಟಣ್ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು!

“ತಗಡ ಭಾಳ ತೆಳು ಐತಿ. ನಗ್ಗಿದರ ಯಾರು ಜವಾಬ್ದಾರಿ?”

ಅಂಗಡಿಯವನಿಗೆ ಕನ್ನಡ ಬರದಿದ್ದರೂ ಆ ಬಡಿತದ ಅರ್ಥ ಹೊಳೆಯಿತು. “ಅಂಕುಲ್, ಇದಿ ಕಂಪ್ಯೂಟರ್ ಅಂಡಿ, ಬಿಂದೆ ಕಾದು!” ಎಂದು ಅವನು ಗೋಗರೆದ. ಇದು ಕೊಡವಲ್ಲ ಎಂದು ತೆಲುಗಿನಲ್ಲಿ ಹೇಳಿಸಿಕೊಂಡು ಬಂದ ಗಿರಾಕಿ ಇಡೀ ಊರಿನಲ್ಲಿ ಇವರೊಬ್ಬರೇ ಇರಬೇಕು.

ಮನೆಗೆ ತಂದ ಮೇಲೆ ಏನು ಮಾಡಿದರು ಗೊತ್ತೇ? ಪಾತ್ರೆಯ ಮೇಲೆ ಹೆಸರು ಕೆತ್ತುವ ಮಷೀನು ತಂದು, ಗುರ್‍ರ್ ಎಂದು ಆ ಹೊಸ ಡಬ್ಬದ ಮೇಲೆ ತಮ್ಮ ಹೆಸರು, ತಮ್ಮ ತಂದೆಯ ಹೆಸರು, ಊರು ಎಲ್ಲ ಕೆತ್ತಿಬಿಟ್ಟರು! ನಾನು ಬಚ್ಚಲಿನಿಂದ ಓಡಿ ಬರುವಷ್ಟರಲ್ಲಿ ಕೊನೆಗೊಂದು ಹೂವಿನ ಬಳ್ಳಿಯೂ ಆಗಿತ್ತು.

“ವಾರಂಟಿ ಹೋತಲ್ರೀ ಕಾಕಾ!” ಎಂದು ನಾನು ಕಿರುಚಿದೆ.

“ಹೋಗಲಿ ಬಿಡು. ಹೆಸರ ಇದ್ದ ಭಾಂಡಿ ಎಲ್ಲಿ ಹೋದರೂ ತಿರುಗಿ ಮನಿಗೆ ಬರತೈತಿ. ನಿನ್ನ ವಾರಂಟಿ ಬರತೈತೇನು?”

ಇಂಥವರಿಗೆ ಕಂಪ್ಯೂಟರ್ ಯಾಕೆ ಬೇಕಾಗಿತ್ತು ಅಂತೀರಾ? ಕಾರಣ ಒಂದು ಕ್ಯಾಸೆಟ್ಟು. ನಮ್ಮ ಅಜ್ಜಿ, ಅಂದರೆ ಕಾಕಾನ ತಾಯಿ, ಮದುವೆಮನೆಯ ಹಾಡುಗಳಲ್ಲಿ ಎತ್ತಿದ ಕೈ. ಅರಿಶಿಣ ಹಚ್ಚುವಾಗ ಹಾಡುವ ಹಾಡಂತೂ ಅವಳೊಬ್ಬಳಿಗೇ ಪೂರ್ತಿ ಬರುತ್ತಿತ್ತು. ಅವಳು ತೀರಿಕೊಳ್ಳುವ ಮುಂಚಿನ ವರ್ಷ, ಇನ್ನೂ ಹರೆಯದಲ್ಲಿದ್ದ ಕಾಕಾ ಒಂದು ಸಂಜೆ ಅಂಗಡಿ ಮುಚ್ಚಿ ಬಂದು, ಅವಳನ್ನು ಕೂರಿಸಿಕೊಂಡು ಅಷ್ಟನ್ನೂ ಟೇಪ್ ಮಾಡಿಕೊಂಡಿದ್ದರು. ಆ ಕ್ಯಾಸೆಟ್ಟನ್ನು ಯಾರಿಗೂ ಕೊಡಲಿಲ್ಲ, ಯಾರಿಗೂ ಕೇಳಿಸಲೂ ಇಲ್ಲ. “ಹರಿತೈತಿ” ಅನ್ನುವುದೊಂದೇ ಮಾತು. ಈಗ ನನ್ನ ತಂಗಿಯ ಮದುವೆ ಗೊತ್ತಾಗಿತ್ತು. ಅಜ್ಜಿಯ ತೊಡೆಯ ಮೇಲೆ ಬೆಳೆದ ಹುಡುಗಿ ಅವಳು. “ಅಜ್ಜಿ ಹಾಡು ಇಲ್ಲದ ನಾ ಅರಿಶಿಣಕ್ಕ ಕೂಡಂಗಿಲ್ಲ” ಎಂದು ಹಟ ಹಿಡಿದು ಕೂತಳು. ಕಾಕಾ ಕ್ಯಾಸೆಟ್ಟಿನ ಹಾಡನ್ನು ಹೇಗೋ ಕಂಪ್ಯೂಟರಿಗೆ ಇಳಿಸಿದರು. ಇನ್ನು ಅದನ್ನು ಸೀಡಿಗೆ ಹಾಕಿದರೆ ಆಯಿತು. ಐದಾರು ನಿಮಿಷದ ಕೆಲಸ!

ಕಾಕಾನ ಮನೆಯಲ್ಲಿ ಅದು ಹೋಮಕ್ಕಿಂತ ದೊಡ್ಡದಾಯಿತು. ಸೀಡಿ ಬರೆಯುವಾಗ ಯಾರೂ ನಡೆದಾಡಬಾರದು, ನೆಲ ಅದುರುತ್ತದೆ. ಕಾಕು, ಅಂದರೆ ಕಾಕಾನ ಹೆಂಡತಿ, ಮಿಕ್ಸರ್ ಹಚ್ಚಬಾರದು, ಕರೆಂಟು ಅಳ್ಳಾಡುತ್ತದೆ. ಫೋನಿನ ರಿಸೀವರ್ ಕೆಳಗೆ ಇಳಿಸಬೇಕು. ಕಾಕಾ ಕಣ್ಣಿಗೆ ತಣ್ಣೀರು ಚಿಮುಕಿಸಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಅತ್ತ ಸೀಡಿ ಬರೆಯಲು ಶುರುವಾದರೆ ಇತ್ತ ಅದೇ ಹಾಡನ್ನು ಹಚ್ಚಿಕೊಂಡು ಮೊದಲಿನಿಂದ ಕೇಳಬೇಕು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಮಧ್ಯೆ ಇದ್ದಕ್ಕಿದ್ದಂತೆ ಆ ಕಂಪ್ಯೂಟರಿನ ಮುಖ ನೋಡಿ, “ಇಲ್ಲ, ಇಲ್ಲ, ಎಚ್ಚರ ಅದೀನಿ. ನೀ ಹಾಡು” ಎಂದು ಮೆಲ್ಲಗೆ ಹೇಳುತ್ತಿದ್ದರು!

“ನೋಡಪಾ,” ಎಂದು ಕಾಕು ನನ್ನ ಹತ್ತಿರ ದೂರಿದರು, “ನನ್ನ ಕೂಡ ದಿನಕ್ಕ ನಾಕ ಮಾತ ಆಡಂಗಿಲ್ಲ. ಆ ಡಬ್ಬಿಗೆ ಮಾತ್ರ ಎಚ್ಚರ ಅದೀನಿ ಅಂತ ಹಾಜರಿ ಹೇಳ್ತಾರ!”

ಕಂಪ್ಯೂಟರಿಗೆ ಧೈರ್ಯ ಹೇಳುತ್ತಿದ್ದಾರೆ ಎಂದೇ ನಾವೆಲ್ಲ ನಕ್ಕೆವು. ಕೆಟ್ಟ ಸೀಡಿಗಳಿಗೆ ಲೆಕ್ಕವಿರಲಿಲ್ಲ. ಕಾಕು ಅವುಗಳನ್ನು ಉಪ್ಪಿನಕಾಯಿ ಭರಣಿಯ ಕೆಳಗೆ, ಚಹಾ ಬಟ್ಟಲಿನ ಕೆಳಗೆ ಇಟ್ಟು ಮುಗಿಸಿ, ಉಳಿದವನ್ನು ಪಾರಿವಾಳ ಓಡಿಸಲು ಬಾಲ್ಕನಿಗೆ ಕಟ್ಟಿದ್ದರು.

ಮದುವೆಯ ಅರಿಶಿಣ ನಾಳೆ ಅನ್ನುವ ದಿನ ಮಧ್ಯಾಹ್ನ ಕಾಕಾ ಫೋನು ಮಾಡಿದರು. “ಇಂಜಿನಿಯರ್ ಸಾಹೇಬ್ರ, ಇನ್ನೂ ಸೀಡಿ ಆಗಿಲ್ಲ. ಭಾಳ ನಿಧಾನ ಬರಿಯಾಕತ್ತೈತಿ, ಆದರ…” ಉಳಿದದ್ದನ್ನು ಕೇಳದೆ ನಾನು ಫೋನಿಟ್ಟೆ.

ನನಗೆ ಮೈಯೆಲ್ಲ ಉರಿಯಿತು. ಮದುವೆಮನೆಯ ನೂರು ಕೆಲಸ ಬಿಟ್ಟು ಓಡಿದೆ. ಹದಿನಾರು ಪಟ್ಟು ವೇಗದಲ್ಲಿ ಬರೆಯುತ್ತದೆ ಎಂದು ಸೀಡಿ ಡ್ರೈವಿನ ಹಣೆಯ ಮೇಲೇ ಅಚ್ಚಾಗಿದೆ. ಆದರೆ ಪರದೆಯ ಮೇಲಿನ ಪಟ್ಟಿ ಇದ್ದಲ್ಲೇ ಇದೆ! ವೈರಸ್ ಹುಡುಕುವ ಪ್ರೋಗ್ರಾಮನ್ನು ನಿಲ್ಲಿಸಿದೆ. ಹಾರ್ಡ್ ಡಿಸ್ಕಿನಲ್ಲಿ ಚೆದುರಿದ್ದನ್ನೆಲ್ಲ ಒಟ್ಟುಗೂಡಿಸಿದೆ. ಡಬ್ಬ ಬಿಚ್ಚಿದೆ. ಒಳಗಿನ ಚಪ್ಪಟೆ ಕೇಬಲ್ಲಿನ ಮೇಲೆ ಅನುಮಾನ ಬಂತು. ಬಿಸಿಲಲ್ಲಿ ಮತ್ತೆ ಸಿಕಂದರಾಬಾದಿಗೆ ಹೋಗಿ ಹೊಸದು ತಂದು ಹಾಕಿದೆ. ಸೆಟ್ಟಿಂಗಿನಲ್ಲಿ ಡ್ರೈವು ಯಾವಾಗಲೋ ಹಳೆಯ ನಿಧಾನದ ದಾರಿಗೆ ಬಿದ್ದಿತ್ತು, ಅದನ್ನೂ ಸರಿಪಡಿಸಿದೆ. ಮತ್ತೆ ಹಚ್ಚಿದರೆ ಅದೇ ನಡಿಗೆ! ಬೆವರು ಕಣ್ಣಿಗಿಳಿಯುತ್ತಿತ್ತು. ಡ್ರೈವು ತಯಾರಿಸಿದವನನ್ನೂ ಮಾರಿದವನನ್ನೂ ಮನಸಾರೆ ಬೈದೆ.

ಆಗ ಕಣ್ಣಿಗೆ ಬಿತ್ತು. ಸೀಡಿ ಬರೆಯುವ ಪ್ರೋಗ್ರಾಮಿನ ಮೂಲೆಯಲ್ಲಿ ವೇಗ ಆರಿಸುವ ಸಣ್ಣ ಚೌಕ. ಅದರಲ್ಲಿ ಹದಿನಾರು ಇರಲಿಲ್ಲ, ಎಂಟು ಇರಲಿಲ್ಲ, ನಾಲ್ಕೂ ಇರಲಿಲ್ಲ. ಒಂದು! ಒಂದು ತಾಸಿನ ಹಾಡಿಗೆ ಒಂದು ತಾಸು!

“ಇದನ್ನ ಯಾರು ಒಂದಕ್ಕ ಇಟ್ಟಾರ?”

“ನಾನ.”

“ಮತ್ತ ನಿಧಾನ ಐತಿ ಅಂತ ನನ್ನ ಯಾಕ ಕರದ್ರಿ?”

“ನಿಧಾನ ಇರಲಿ, ಅದು ನಾ ಇಟ್ಟದ್ದು. ಆದರ ಅರ್ಧಕ್ಕ ನಿಲ್ಲತೈತಿ, ಅದು ಯಾಕಂತ ಕೇಳಾಕ ಕರದೆ. ನೀ ಬಂದ ಕೂಡ್ಲೆ ಡಬ್ಬಿ ಬಿಚ್ಚಿದಿ, ನನ್ನ ಮಾತ ಎಲ್ಲಿ ಕೇಳಿದಿ?”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನೋಡಿ, ಬರೆಯುವಾಗಲೇ ಅದೇ ಕಂಪ್ಯೂಟರಿನಲ್ಲಿ ಹಾಡನ್ನೂ ನುಡಿಸಿದರೆ ಅದಕ್ಕೆ ಎರಡೂ ಕಡೆ ಗಮನ ಕೊಡಲಾಗದೆ ಸೀಡಿ ಕೆಡುತ್ತದೆ. ವೇಗ ಹೆಚ್ಚಿಟ್ಟರೆ ಬೇಗ ಕೆಡುತ್ತಿತ್ತು, ಅದಕ್ಕೇ ಇವರು ಇಳಿಸುತ್ತ ಇಳಿಸುತ್ತ ಒಂದಕ್ಕೆ ತಂದು ನಿಲ್ಲಿಸಿದ್ದರು. ಹಳೆಯ ಕೇಬಲ್ಲು ಹಾಳಾಗಿದ್ದರಿಂದ ಒಂದರಲ್ಲೂ ಕೆಡುತ್ತಿತ್ತು, ಅಷ್ಟೇ.

“ಬರಿಯೂ ಮುಂದ ಕೇಳಬ್ಯಾಡ್ರಿ ಕಾಕಾ! ಹದಿನಾರಕ್ಕ ಇಡ್ತೀನಿ, ಐದು ಮಿನಿಟಿನ್ಯಾಗ ಆಗತೈತಿ. ಆಮ್ಯಾಲ ಬೇಕಾದಷ್ಟ ಕೇಳ್ರಿ!”

ಮೌಸಿನ ಮೇಲಿದ್ದ ನನ್ನ ಕೈಯನ್ನು ಕಾಕಾ ಎತ್ತಿ ಪಕ್ಕಕ್ಕಿಟ್ಟರು. “ನಮ್ಮವ್ವ ಒಂದು ತಾಸು ಕುಂತ ಹಾಡ್ಯಾಳ. ನೀ ಆಕಿನ್ನ ಐದು ಮಿನಿಟಿನ್ಯಾಗ ಓಡಸ್ತೀಯೇನು? ಇದು ಕೆತ್ತೂ ಕೆಲಸ. ಕೆತ್ತೂ ಮುಂದ ಕಣ್ಣ ಕಿವಿ ಅಲ್ಲೇ ಇರಬೇಕು.”

“ಹಂಗಾದರ ನೀವ ಕೆತ್ತಿಕೋತ ಕೂಡ್ರಿ! ನಾಳೆ ಸೀಡಿ ಬರಲಿಲ್ಲಂದ್ರ ನನ್ನ ತಂಗಿ ಕಣ್ಣೀರು ನಿಮಗ ಬಿಟ್ಟದ್ದು!” ಎಂದು ಕೂಗಿ, ಬಾಗಿಲು ಧಡಾರೆಂದು ಎಳೆದುಕೊಂಡು ಬಂದೆ. ಸ್ಕೂಟರಿನ ಮೇಲೂ ಬೈಯುತ್ತಲೇ ಇದ್ದೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತನಗೇ ಬೈದೆನೆಂದು ತಿಳಿದು ನನಗೆ ತಿರುಗಿ ಬೈದ. ಅದೂ ಕಾಕಾನ ಖಾತೆಗೇ ಹೋಯಿತು.

ಮರುದಿನ ಬೆಳಿಗ್ಗೆ ಕಾಚಿಗೂಡದ ಕಲ್ಯಾಣಮಂಟಪದಲ್ಲಿ ತಂಗಿ ಮಣೆಯ ಮೇಲೆ ಕೂತಾಗಿದೆ, ಕಾಕಾ ಬಂದಿಲ್ಲ! ಸೌಂಡಿನವನು ಯಾವುದೋ ತೆಲುಗು ಸಿನಿಮಾ ಹಾಡು ಹಚ್ಚಿದ. ಅರಿಶಿಣದ ಬಟ್ಟಲು ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ತಲೆ ಬಗ್ಗಿಸಿ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದಳು. ಇವತ್ತು ಕಾಕಾನ ಗ್ರಹಚಾರ ಬಿಡಿಸದೆ ಇರುವುದಿಲ್ಲ ಎಂದು ನಾನು ಹಲ್ಲು ಕಡಿಯುತ್ತಿರುವಾಗ ಅವರು ಆಟೋದಿಂದ ಇಳಿದರು. ಕಣ್ಣು ಕೆಂಪಗಾಗಿತ್ತು. ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿದ ಸೀಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದರು. “ನೀ ಹಾಕಿದ ಕೇಬಲ್ ಛಲೋ ಐತಿ,” ಎಂದರು, “ಅರ್ಧಕ್ಕ ನಿಂದರಲಿಲ್ಲ. ಸರಿ ಬಂತೋ ಇಲ್ಲೋ ಅಂತ ರಾತ್ರಿಯೆಲ್ಲ ತಿರುಗಿ ತಿರುಗಿ ಕೇಳಿದೆ.”

ಸೀಡಿ ಹಚ್ಚಿದರು. ಅಜ್ಜಿಯ ದನಿ ಇಡೀ ಮಂಟಪ ತುಂಬಿತು. ತಂಗಿ ಗಲ್ಲದ ಅರಿಶಿಣದ ಮೇಲೇ ಕಣ್ಣೀರು ಸುರಿಸಿಕೊಂಡು ನಕ್ಕಳು. ಹೆಂಗಸರು ಬಂದಷ್ಟು ದನಿಗೂಡಿಸಿದರು. ನಾನು ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ ಏನೋ!

ಅರ್ಧ ಹಾಡಾಗಿತ್ತು. ಅಜ್ಜಿ ತಟ್ಟನೆ ನಿಲ್ಲಿಸಿದಳು. ಸ್ಪೀಕರಿನಲ್ಲಿ ಅವಳ ಮಾತು ಕೇಳಿಸಿತು.

“ಏ ತಮ್ಮಾ, ಕೇಳಾಕತ್ತೀಯಿಲ್ಲೋ? ನಿದ್ದಿ ಹತ್ತಿತೇನು?”

ಟೇಪಿನ ಸುಂಯ್ ಸದ್ದು ಮಾತ್ರ. ದಿನವಿಡೀ ಅಂಗಡಿಯಲ್ಲಿ ನಿಂತು ಬಂದ ಹರೆಯದ ಹುಡುಗ, ತಾಯಿಗೆ ಹಾಡು ಎಂದು ಹೇಳಿ ಅಲ್ಲೇ ಒರಗಿ ಮಲಗಿಬಿಟ್ಟಿದ್ದ.

“ಅಟಕ್ ಗಯಾ ಸಾಬ್, ಆಗೇ ಕರೂಂ?” ಸೀಡಿ ಸಿಕ್ಕಿಕೊಂಡಿದೆ, ಮುಂದಕ್ಕೆ ಓಡಿಸಲೇ ಎಂದು ಸೌಂಡಿನವನು ಗುಂಡಿಯ ಮೇಲೆ ಬೆರಳಿಟ್ಟ.

“ಹಾಥ್ ನಿಕಾಲ್!” ಕೈ ತೆಗೆ ಎಂದು ನಾನು ಕೂಗಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಮಲಗ್ಯಾನ ನನ್ನ ಕೂಸು,” ಎಂದಳು ಅಜ್ಜಿ, ತನ್ನಷ್ಟಕ್ಕೇ. “ಮಲಗಲಿ ಪಾಪ, ದಣದಾನ.” ಮತ್ತೆ ಹಾಡತೊಡಗಿದಳು. ಆದರೆ ಈಗ ಬಹಳ ಸಣ್ಣ ದನಿಯಲ್ಲಿ, ಮಗನಿಗೆ ಎಚ್ಚರವಾಗದಂತೆ.

ಸ್ಪೀಕರಿನ ಪಕ್ಕದಲ್ಲಿ, ನಿದ್ದೆಗೆಟ್ಟ ಕೆಂಪು ಕಣ್ಣುಗಳನ್ನು ಅಗಲಕ್ಕೆ ತೆರೆದುಕೊಂಡು ಕಾಕಾ ನಿಂತಿದ್ದರು.

“ಇಲ್ಲಬೇ ಯವ್ವಾ,” ಎಂದರು, “ಎಚ್ಚರ ಅದೀನಿ. ನೀ ಹಾಡು.”