ಎಲ್ಲರ ಚಪ್ಪರವೂ ಒಂದು ದಿನ ಮುಂಚೆ

ಡಣ್! ಡಡಣ್! ಗೋಡೌನಿನಿಂದ ಕೊಳಗಗಳನ್ನು ವ್ಯಾನಿಗೆ ತುಂಬುವ ಸದ್ದು ದಿನಾ ಬೆಳಕು ಹರಿಯುವ ಮೊದಲೇ ಬೃಂದಾಳ ದಿಂಬಿನವರೆಗೂ ಬರುತ್ತಿತ್ತು. ಪಿರಿಯಾಪಟ್ಟಣದಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಕೋಳಿ ಕೂಗಿದ್ದನ್ನೇ ಕೇಳಿರಲಿಲ್ಲ. ಕೋಳಿಗೂ ಸಂಕೋಚವಾಗಿರಬೇಕು!

ಹುಣಸೂರಿನಲ್ಲಿ ಬಿ.ಸಿ.ಎ. ಮುಗಿಸಿದ್ದ ಬೃಂದಾ, ಈ ವ್ಯಾಪಾರವನ್ನು ಇಪ್ಪತ್ತೊಂದನೇ ಶತಮಾನಕ್ಕೆ ಎಳೆದು ತಂದೇ ತೀರುವೆನೆಂದು ಪಣ ತೊಟ್ಟಳು. ಅತ್ತೆ ಯಶೋದಮ್ಮ ಬುಕಿಂಗುಗಳನ್ನೆಲ್ಲ ಗೋಡೌನಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿಡುತ್ತಿದ್ದರು. ಊರಿಗೆ ಹೊಸದಾಗಿ ಬಂದಿದ್ದ ಬ್ರಾಡ್‌ಬ್ಯಾಂಡ್ ಹಿಡಿದು, ದೊಡ್ಡ ದೊಡ್ಡ ಕಂಪನಿಗಳು ಬಳಸುವ ಪ್ರಾಜೆಕ್ಟ್ ಸಾಫ್ಟ್‌ವೇರಿನ ಕ್ಯಾಲೆಂಡರಿಗೆ ಬೃಂದಾ ಅದನ್ನೆಲ್ಲ ಏರಿಸಿದಳು. ತಾರೀಕು ಬದಲಾದರೆ ಗಿರಾಕಿಯ ಮೊಬೈಲಿಗೆ ತಾನಾಗಿಯೇ ಮೆಸೇಜು! ಆಮೇಲೆ ವಿಜಯೋತ್ಸವವೆಂಬಂತೆ ಗೋಡೆಗೆ ಸುಣ್ಣ ಹೊಡೆಸಿದಳು.

ಸೋಮವಾರ ಗಂಡ ಲಿಂಗರಾಜು ಕಂಪ್ಯೂಟರಿನ ಪರದೆಯನ್ನು ಇಣುಕಿ ನೋಡಿದ. "ಎಲ್ಲಾನೂ ಧಾರೆ ದಿನಕ್ಕೆ ಆಕಿದ್ದೀಯಲ್ಲೇ! ನಮ್ ಗಾಡಿ ಹಿಂದಿನ್ ದಿನ, ಚಪ್ಪರಕ್ಕೇ ಓಗ್ಬೇಕು ಕಣೆ. ಒಂದೊಂದೇ ತಿದ್ದು."

"ಒಂದೊಂದೇ? ರೀ, ಎ.ಪಿ.ಐ. ಅಂತ ಇದೆ! ಒಂದೇ ಅಪ್ಪಣೆ, ಎಲ್ಲಾ ತಾರೀಕೂ ಒಂದು ದಿನ ಮುಂಚೆ ಬಂದು ಕೂತ್ಕೊಳ್ಳುತ್ತೆ."

"ಅದೇನವ್ವಾ ಅದು?" ಎಂದರು ಯಶೋದಮ್ಮ.

"ಕ್ಯಾಲೆಂಡರಿಗೆ ಹಿತ್ತಲ ಬಾಗಿಲು ಇದ್ದ ಹಾಗೆ ಅತ್ತೆ."

"ಹಿತ್ಲ ಬಾಗ್ಲಿಗೆ ಅಗಳಿ ಆಕವ್ವ. ನಾಯಿ ನುಗ್ತವೆ."

ಬೃಂದಾ ಮುಗುಳ್ನಕ್ಕು ಗುಂಡಿ ಒತ್ತಿದಳು. ತಾರೀಕುಗಳು ಸಾಲಾಗಿ ಸರಿಯತೊಡಗಿದವು. ಅರ್ಧ ಸರಿದಿರಬೇಕು, ಕರೆಂಟು ಹೋಯಿತು! ಮರಳಿ ಬಂದಾಗ, ಎಲ್ಲಿಗೆ ನಿಂತಿತ್ತೆಂದು ನೋಡುವ ತಾಳ್ಮೆ ಯಾರಿಗಿದೆ? ಮೊದಲಿನಿಂದಲೇ ಮತ್ತೆ ಓಡಿಸಿದಳು. ಒಮ್ಮೆ ಸರಿದವೆಲ್ಲ ಇನ್ನೊಮ್ಮೆ ಸರಿದವು. ಧಾರೆಯೋ, ತಿಥಿಯೋ, ಬೀಗರೂಟವೋ ಎಂಬ ಭೇದ ಆ ಅಪ್ಪಣೆಗೆ ಇರಲಿಲ್ಲ.

ಮೊದಲು ಫೋನು ಮಾಡಿದವನು ಹಾರನಹಳ್ಳಿಯ ದೇವರಾಜು. "ಏನವ್ವಾ, ನಮ್ಮಪ್ಪನ ತಿಥೀನ ಇಂಗೇ ಮುಂಚೆ ಮುಂಚೆ ತಕ್ಕೊಂಡೋದ್ರೆ, ಮುದುಕ ಎದ್ದು ಕುಂತ್ಕತನೇನೋ ಅಂತ ನೋಡ್ತಿದ್ದೀಯಾ?"

ಆಮೇಲೆ ಹಿಂದಿನ ಬೀದಿಯ ಪುಟ್ಟತಾಯಮ್ಮ. ಬುಧವಾರ ಅವರ ಮಗಳ ಚಪ್ಪರ, ಗುರುವಾರ ಧಾರೆ, ಶುಕ್ರವಾರ ಬೀಗರೂಟ. "ಚಪ್ಪರದ ದಿನ್ವೇ ಬೀಗರೂಟ ಅಂತಲ್ಲ ನಿನ್ ಮೆಸೇಜು! ತಾಳಿಗ್ ಮುಂಚೆ ಬಾಡೂಟ ಇಕ್ಕಿದ್ರೆ, ಉಂಡೋನು ಧಾರೆಗೆ ಬತ್ತನೆ ಅಂತ ಏನೇ ಗ್ಯಾರಂಟಿ?"

ಯಾವುದು ಒಮ್ಮೆ ಸರಿದಿದೆ, ಯಾವುದು ಎರಡು ಸಲ? ಬೃಂದಾ ಗೋಡೆಯ ಕಡೆ ನೋಡಿದಳು. ಗೋಡೆ ಅಚ್ಚ ಬಿಳಿ! ಆದರೆ ಸ್ವಂತ ಮದುವೆಯ ತಾರೀಕನ್ನು ಯಾರೂ ಮರೆಯುವುದಿಲ್ಲವಲ್ಲ. ಬೈಯಲು ಫೋನು ಮಾಡಿದ ಒಬ್ಬೊಬ್ಬರೂ ಬೈಗುಳದ ಜೊತೆಗೆ ಸರಿಯಾದ ತಾರೀಕನ್ನೂ ಕೊಟ್ಟರು. ಬೃಂದಾ ಎರಡನ್ನೂ ವಿನಯದಿಂದ ಸ್ವೀಕರಿಸಿ, ಒಂದನ್ನು ಮಾತ್ರ ಟೈಪು ಮಾಡಿದಳು.

ಬುಧವಾರ ಬೆಳಿಗ್ಗೆ ಫೋನುಗಳು ನಿಂತವು. ಕೊಟ್ಟ ಮಾತಿನಂತೆ ಲಿಂಗರಾಜು ಕಟ್ಟಕಡೆಯ ಕೊಳಗವನ್ನೂ ವ್ಯಾನಿಗೆ ಹಾಕಿಕೊಂಡು ಪುಟ್ಟತಾಯಮ್ಮನ ಚಪ್ಪರಕ್ಕೆ ಹೋದ. "ನೋಡಿದ್ರಾ ಅತ್ತೆ, ಎಲ್ಲಾ ಸರಿಹೋಯ್ತು!" ಎಂದು ಬೃಂದಾ ಹೇಳುತ್ತಿದ್ದಂತೆ ಬಾಗಿಲಲ್ಲಿ ಎರಡು ಜೀಪು ನಿಂತವು. ಹೂವು, ಹಣ್ಣು, ಎಲೆಅಡಿಕೆಯ ತಟ್ಟೆ ಹಿಡಿದು ಜನ ಇಳಿದರು.

ಭೇರ್ಯದ ಸುಂದ್ರಮ್ಮ, ಅವರ ಮಗ ರಘು, ಹಿಂದೆ ಇಡೀ ಬಳಗ! ಬೃಂದಾಳ ನಾದಿನಿ ರಾಧಾಳಿಗೂ ರಘುವಿಗೂ ಮದುವೆ ಮಾತು ಗಟ್ಟಿಯಾಗುವ ವೀಳ್ಯಶಾಸ್ತ್ರ ಇದ್ದದ್ದು ಶುಕ್ರವಾರ. ಅದನ್ನೂ ಬೃಂದಾ ಹೆಮ್ಮೆಯಿಂದ ಅದೇ ಕ್ಯಾಲೆಂಡರಿಗೆ ಹಾಕಿದ್ದಳು, ರಘುವಿನ ಮೊಬೈಲ್ ನಂಬರಿನ ಸಮೇತ. ಅದು ಎರಡು ಸಲ ಸರಿದು ಬುಧವಾರವಾಗಿತ್ತು. ಬೈದು ತಿದ್ದಿಸಲು ಭೇರ್ಯದಿಂದ ಮಾತ್ರ ಯಾರೂ ಫೋನು ಮಾಡಿರಲಿಲ್ಲ!

ತಲೆ ಬಾಚದ ರಾಧಾ ಒಳಕೋಣೆಗೆ ಓಡಿದಳು. ಎರಡು ವರ್ಷ ಹುಡುಕಿ, ಕೊನೆಗೆ ಕೂಡಿಬಂದ ಸಂಬಂಧ. ಯಶೋದಮ್ಮ ಅಡುಗೆಮನೆಗೆ ಹೋಗಿ ಬರಿಗೈಲಿ ಬಂದರು. "ಇಷ್ಟು ಜನಕ್ಕೆ ಅನ್ನಕ್ಕಿಡಕ್ಕೆ ಒಂದು ತಪ್ಲೆ ಇಲ್ಲ ಕಣೇ!" ಸುತ್ತ ನಾಲ್ಕು ಹೋಬಳಿಗೆ ಪಾತ್ರೆ ಕೊಡುವ ಮನೆಯಲ್ಲಿ ಆ ದಿನ ಉಳಿದಿದ್ದು ಕಾಫಿ ಲೋಟಗಳು ಮಾತ್ರ.

ಬೃಂದಾ ಹಿಂದಿನ ಬೀದಿಗೆ ಓಡಿ, ಪುಟ್ಟತಾಯಮ್ಮನ ಮುಂದೆ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಹೇಳಿದಳು.

"ನಿನ್ ಕೊಳಗ್ವೆಲ್ಲಾ ಇಲ್ಲೇ ಅವೆ, ಅಡ್ಗೆ ಇಲ್ಲೇ ಐತೆ, ಚಪ್ಪರ್ವೂ ಇಲ್ಲೇ ಐತೆ. ಕರ್ಕೊಂಬಾ ಅವ್ರನ್ನ."

"ಅಕ್ಕಾ, ಸೋಮವಾರ ನೀವು ಅಷ್ಟು ಬೈದಿದ್ರಿ..."

"ಇನ್ನೂ ಮುಗ್ದಿಲ್ಲ ಬುಡು. ಬೀಗ್ರು ಉಂಡೋಗ್ಲಿ, ಆಮೇಲೈತೆ ನಿಂಗೆ!"

ಹಸಿ ಹೊಂಗೆಸೊಪ್ಪಿನ ನೆರಳಲ್ಲಿ ಬೇರೆಯವರ ಚಪ್ಪರದಲ್ಲಿ ತಮ್ಮ ಬೀಗರು ಕುಳಿತು ಉಂಡರು. ಬಡಿಸುವ ಸೌಟು ತಾಗಿ ಕೊಳಗ ಡಣ್ ಎಂದಿತು. ದಿನಾ ಶಪಿಸುತ್ತಿದ್ದ ಆ ಸದ್ದು ಇಷ್ಟು ಇಂಪಾಗಿತ್ತೇ! ಪಾಯಸ ಬಡಿಸುತ್ತಿದ್ದ ಬೃಂದಾಳ ಕಣ್ಣು ಮಂಜಾಯಿತು. ಒಲೆಯ ಹೊಗೆಯೆಂದು ಸೆರಗಿನಿಂದ ಒರೆಸಿಕೊಂಡಳು.

ಸುಂದ್ರಮ್ಮ ಎಲೆ ಮಡಿಸುತ್ತಾ ನಕ್ಕರು. "ಮೆಸೇಜು ತಪ್ಪು ಅಂತ ನಂಗ್ ಗೊತ್ತಿತ್ತು ಕಣವ್ವ. ಫೋನ್ ಮಾಡ್ಲಾ ಅಂದ್ರೆ ಇವನೇ, ‘ಬ್ಯಾಡ ಅವ್ವಾ, ಅವ್ರೇ ಕರ್ದವ್ರೆ’ ಅಂತ ಜೀಪ್ ತಂದ್ಬುಟ್ಟ. ಇರ್ಲಿ, ಊಟ ಇವತ್ತಾಯ್ತು, ಶಾಸ್ತ್ರ ಶುಕ್ರವಾರವೇ ಆಗ್ಲಿ. ಬೀದಿ ಇಂಗೈತೆ ಅಂದ್ಮೇಲೆ ಮನೆ ಬಗ್ಗೆ ಇನ್ನೇನ್ ಕೇಳದು?"

ಅಲ್ಲೇ ಹಿರಿಯರು ಮದುವೆಯ ತಾರೀಕನ್ನೂ ಗೊತ್ತು ಮಾಡಿದರು. ಕೈ ತೊಳೆಯುವ ನೆಪದಲ್ಲಿ ರಘು ಬೃಂದಾಳ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅಕ್ಕಾ, ಆ ತಾರೀಕ್ನೂ ನಿಮ್ ಕಂಪ್ಯೂಟ್ರಲ್ಲೇ ಆಕಿ. ಕರೆಂಟು ಇನ್ನೊಂದ್ ಹತ್ತು ಸಲ ಓದ್ರೆ..."

ಪಿಸುಮಾತು ಎಲ್ಲರಿಗೂ ಕೇಳಿಸಿ ಚಪ್ಪರವೆಲ್ಲ ನಕ್ಕಿತು. ಯಶೋದಮ್ಮ ಆರಿದ ಒಲೆಯಿಂದ ಒಂದು ತುಂಡು ಇದ್ದಿಲು ತೆಗೆದು ಸೊಸೆಯ ಅಂಗೈಗಿಟ್ಟರು.

"ಬರೀತೀನಿ ಅತ್ತೆ," ಎಂದಳು ಬೃಂದಾ ಗೋಡೌನಿನ ಕಡೆಗೆ ಹೆಜ್ಜೆ ಹಾಕುತ್ತಾ. "ಗೋಡೆ ಮೇಲೇ ಬರೀತೀನಿ. ಆಮೇಲೆ ಗೋಡೆದೊಂದು ಫೋಟೋ ತೆಗೆದು ಕಂಪ್ಯೂಟರಿಗೆ..."